ಬದುಕಿರುವ ಯಂತ್ರಕ್ಕೆ ಮರಣಪತ್ರ

ಸಹ್ಯಾದ್ರಿಯಲ್ಲಿ ಹುಟ್ಟಿ ಗೋಕಾಕದ ಬಂಡೆಗಳಿಂದ ಧುಮುಕುವ ಘಟಪ್ರಭೆ ಮುಧೋಳ ಸೀಮೆಯ ಕಪ್ಪು ನೆಲವನ್ನು ತಲುಪುವ ಹೊತ್ತಿಗೆ ಗುಡ್ಡದ ನೀರು ಬಯಲಿನ ಕಬ್ಬಾಗುತ್ತದೆ. ಆ ಸೀಮೆಯ ತಿಮ್ಮಾಪುರದಲ್ಲಿ, ಕವಿ ರನ್ನನ ಹೆಸರು ಹೊತ್ತ ರನ್ನನಗರದಲ್ಲಿ, ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿನ ನಾಡಿಗೆ ತನ್ನದೇ ಆದ ಒಂದು ಧರ್ಮವಿದೆ: ಅಲ್ಲಿ ಯಾವುದೂ ಸುಲಭಕ್ಕೆ ಕಸವಾಗುವುದಿಲ್ಲ. ರಸ ಸಕ್ಕರೆಯಾಗುತ್ತದೆ. ಹಿಂಡಿದ ಸಿಪ್ಪೆ ಬಾಯ್ಲರಿಗೆ ಉರುವಲಾಗುತ್ತದೆ. ಕಾಕಂಬಿಯಿಂದ ಮದ್ಯಸಾರ ತಯಾರಾಗುತ್ತದೆ. ಸೋಸಿ ಉಳಿದ ಮಡ್ಡಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ತುದಿಯ ಹಸಿರು ಸೋಗೆ ದನದ ಬಾಯಿಗೆ ಮೇವು. ಪಕ್ಕದ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಒಂದು ಭಾಗ ಸವೆದರೆ ನೇಕಾರ ಆ ಭಾಗವನ್ನಷ್ಟೇ ಬದಲಿಸುತ್ತಾನೆಯೇ ಹೊರತು ಮಗ್ಗವನ್ನು ಬೀದಿಗೆ ಎಸೆಯುವುದಿಲ್ಲ. ಬಾವಿಯ ಮೋಟಾರು ಸುಟ್ಟರೆ ರೈತ ರಿವೈಂಡಿಂಗ್ ಅಂಗಡಿಯ ದಾರಿ ಹಿಡಿಯುತ್ತಾನೆ.

ಇಂತಹ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಭಾರವಾದ ಕಬ್ಬಿಣದ ಪೆಟ್ಟಿಗೆಯನ್ನು ಹೊತ್ತು ಮನೆಗೆ ತಂದನೆಂದು ಭಾವಿಸಬಹುದು. ಅದರ ಮುಖದ ಉದ್ದಕ್ಕೂ 24 ಕಿಂಡಿಗಳು. ಯಾವುದೋ ಬಹುರಾಷ್ಟ್ರೀಯ ಕಂಪನಿಯ ಕಚೇರಿಯಲ್ಲಿ ಹಗಲಿರುಳು ದುಡಿದು, ಕೆಡುವ ಮೊದಲೇ ಹೊರಬಿದ್ದ ನೆಟ್‌ವರ್ಕ್ ಸ್ವಿಚ್ ಅದು. "ಏನ್ ತಮ್ಮಾ, ಊರಾಗಿನ ಗುಜರಿ ಸಾಲಲಿಲ್ಲಂತ ಬೆಂಗಳೂರ ಗುಜರಿ ಹೊತಕೊಂಡು ಬಂದ್ಯಾ?" ಎಂದು ಮನೆಯ ಮುತ್ಯಾ ಕೇಳಿದರೆ ಅದನ್ನು ಅರಿಯದವರ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಗುಜರಿ ಯಾವುದು, ಅದನ್ನು ಗುಜರಿಯೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ದೊಡ್ಡ ವಿವಾದವೇ ಆ ಪ್ರಶ್ನೆಯಲ್ಲಿದೆ.

ಪೆಟ್ಟಿಗೆಯೊಳಗೆ ಏನಿದೆ?

ಇಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲೆ ದೀಪ ಹೊತ್ತಿಸುವ ಗುಂಡಿಯಲ್ಲ. ಹಲವು ಗಣಕಯಂತ್ರಗಳನ್ನು ತಂತಿಯ ಮೂಲಕ ಒಂದಕ್ಕೊಂದು ಬೆಸೆಯುವ ಸಾಧನ. ಇದಕ್ಕೂ ಮುಂಚೆ ಬಳಕೆಯಲ್ಲಿದ್ದ ಹಬ್ ಎಂಬ ಪೆಟ್ಟಿಗೆ, ಒಬ್ಬರಿಗೆ ಬಂದ ಕಾಗದವನ್ನು ಊರಿಗೆಲ್ಲ ಡಂಗುರ ಸಾರಿ ಓದುತ್ತಿತ್ತು. ಸ್ವಿಚ್ ಒಳ್ಳೆಯ ಅಂಚೆಯವನಂತೆ. ಯಾವ ಕಿಂಡಿಯ ಆಚೆ ಯಾವ ಯಂತ್ರವಿದೆಯೆಂಬುದನ್ನು ಯಂತ್ರದ ವಿಳಾಸದಿಂದ ತಾನೇ ಕಲಿತು, ಕಾಗದವನ್ನು ಸಲ್ಲಬೇಕಾದ ಮನೆಗೆ ಮಾತ್ರ ಮುಟ್ಟಿಸುತ್ತದೆ.

ಕಚೇರಿಗಳಿಗೆಂದು ತಯಾರಾದ ಸ್ವಿಚ್ಚಿಗೆ ಇನ್ನೂ ಕೆಲವು ಗುಣಗಳಿವೆ. ಒಂದೇ ಪೆಟ್ಟಿಗೆಯೊಳಗೆ ಕಾಣದ ಗೋಡೆಗಳನ್ನು ಕಟ್ಟಿ ಹಲವು ಪ್ರತ್ಯೇಕ ಜಾಲಗಳನ್ನು ಮಾಡಬಹುದು. ಇದನ್ನು ವಿ-ಲ್ಯಾನ್ ಎನ್ನುತ್ತಾರೆ. ತಂತಿಗಳು ತಪ್ಪಿ ಸುತ್ತುಬಿದ್ದರೆ ಆ ಸುತ್ತನ್ನು ತಾನೇ ಕಡಿದು ಜಾಲವನ್ನು ಉಳಿಸುವ ವಿದ್ಯೆಯೂ ಅದಕ್ಕೆ ಗೊತ್ತು. ಕೆಲವು ಮಾದರಿಗಳು ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸಿ ಕ್ಯಾಮೆರಾ, ದೂರವಾಣಿಗಳನ್ನು ನಡೆಸುತ್ತವೆ. 2003ರ ಮಾನಕದಂತೆ ಒಂದು ಕಿಂಡಿಯಿಂದ 15.4 ವ್ಯಾಟ್, 2009ರ ಮಾನಕದಂತೆ 30 ವ್ಯಾಟ್ ಕೊಡಬಲ್ಲವು. ಇಂತಹ ಯಂತ್ರದಲ್ಲಿ ತಿರುಗುವ ಭಾಗವೆಂದರೆ ಫ್ಯಾನ್ ಒಂದೇ. ವಯಸ್ಸಾದಂತೆ ಕೆಡುವುದು ಮುಖ್ಯವಾಗಿ ಆ ಫ್ಯಾನು ಮತ್ತು ವಿದ್ಯುತ್ ಪೂರೈಸುವ ಭಾಗದ ಕೆಪಾಸಿಟರುಗಳು. ಎರಡನ್ನೂ ಟಿ.ವಿ. ರಿಪೇರಿ ಬಲ್ಲವರು ಬದಲಿಸಬಲ್ಲರು.

ತಾಮ್ರದ ತಂತಿಯ ಮೇಲೆ ಸೆಕೆಂಡಿಗೆ 1000 ಮೆಗಾಬಿಟ್ ಒಯ್ಯುವ ಮಾನಕ ಸಿದ್ಧವಾದದ್ದು 1999ರಲ್ಲಿ. ಹಳ್ಳಿಯ ಮನೆಗೆ ಇಂದು ಬರುವ ಸಾಧಾರಣ ಅಂತರ್ಜಾಲ ಸಂಪರ್ಕ ಅದರ ಹತ್ತನೆಯ ಒಂದು ಭಾಗವನ್ನು ಮುಟ್ಟಿದರೆ ಹೆಚ್ಚು. ಹದಿನೈದು ವರ್ಷ ಹಳೆಯ ಗಿಗಾಬಿಟ್ ಸ್ವಿಚ್ ಕೂಡ ತಿಮ್ಮಾಪುರದ ಮನೆಗೆ, ಶಿರಸಿಯ ತೋಟಕ್ಕೆ, ತೀರ್ಥಹಳ್ಳಿಯ ಶಾಲೆಗೆ ಸಾಕಾಗಿ ಮಿಗುತ್ತದೆ. ಹೀಗಿರುವಾಗ ಅದು ಸತ್ತಿತೆಂದು ಘೋಷಿಸಿದವರು ಯಾರು?

ಕ್ಯಾಲೆಂಡರ್ ಮಾಡುವ ಕೊಲೆ

ಘೋಷಿಸಿದ್ದು ತಯಾರಕರ ಕ್ಯಾಲೆಂಡರ್. ಪ್ರತಿ ಮಾದರಿಗೂ ಮಾರಾಟ ಕೊನೆಗೊಳ್ಳುವ ದಿನ, ತಂತ್ರಾಂಶದ ತಿದ್ದುಪಡಿ ಕೊನೆಗೊಳ್ಳುವ ದಿನ, ಬೆಂಬಲ ಕೊನೆಗೊಳ್ಳುವ ದಿನ ಎಂದು ಮೂರು ಗಡುವುಗಳಿರುತ್ತವೆ. ಕೊನೆಯ ಗಡುವು ದಾಟಿದ ಮರುದಿನವೂ ಯಂತ್ರ ಎಂದಿನಂತೆ ಕೆಲಸ ಮಾಡುತ್ತದೆ. ಬದಲಾಗಿರುವುದು ಕಾಗದ ಮಾತ್ರ. ಆದರೆ ಲೆಕ್ಕಪರಿಶೋಧಕರಿಗೆ, ವಿಮೆಯವರಿಗೆ, ಖರೀದಿ ವಿಭಾಗಕ್ಕೆ ಕಾಗದವೇ ಯಂತ್ರ. ಒಂದೇ ಸಂಜೆಯಲ್ಲಿ ನೂರಾರು ಪೆಟ್ಟಿಗೆಗಳು ಕಪಾಟಿನಿಂದ ಇಳಿದು ಹರಾಜಿನ ರಾಶಿ ಸೇರುತ್ತವೆ.

ಬ್ಯಾಂಕು, ಆಸ್ಪತ್ರೆಗಳಂತಹ ಸಂಸ್ಥೆಗಳು ತಿದ್ದುಪಡಿ ಸಿಗದ ಯಂತ್ರವನ್ನು ಬದಲಿಸುವುದರಲ್ಲಿ ತಪ್ಪಿಲ್ಲ. ಸಾವಿರಾರು ಜನರ ಹಣ ಮತ್ತು ಪ್ರಾಣ ಅಲ್ಲಿರುತ್ತದೆ. ತಪ್ಪಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಒಬ್ಬರಿಗೆ ಸಲ್ಲದ ಯಂತ್ರ ಯಾರಿಗೂ ಸಲ್ಲಬಾರದೆಂಬಂತೆ ಅದರ ಸುತ್ತ ಬೇಲಿ ಕಟ್ಟಲಾಗಿದೆ. ದೊಡ್ಡ ತಯಾರಕರಲ್ಲಿ ಹಲವರು ಸಾಮಾನ್ಯ ತಂತ್ರಾಂಶ ತಿದ್ದುಪಡಿಗಳನ್ನು ವಾರ್ಷಿಕ ಸೇವಾ ಒಪ್ಪಂದದ ಬಾಗಿಲ ಹಿಂದೆ ಇರಿಸುತ್ತಾರೆ. ಸಿಸ್ಕೊ ಕಂಪನಿಯ ನಿಯಮದಂತೆ ಯಂತ್ರ ಕೈಬದಲಾದರೂ ಅದರೊಳಗಿನ ತಂತ್ರಾಂಶದ ಪರವಾನಗಿ ಹೊಸ ಮಾಲೀಕನಿಗೆ ತಾನಾಗಿ ಬರುವುದಿಲ್ಲ. ಎತ್ತನ್ನು ಸಂತೆಯಲ್ಲಿ ಮಾರಿದ ಮೇಲೆ ಅದರ ಉಸಿರು ಮಾತ್ರ ಹಳೆಯ ಒಡೆಯನದೆಂದು ಹೇಳಿದಂತಾಯಿತು ಇದು!

ಬೇರೆ ದಾರಿಯೇ ಇಲ್ಲವೆಂದು ತಯಾರಕರು ವಾದಿಸಲಾರರು. ಎಚ್.ಪಿ. ಕಂಪನಿ ತನ್ನ ಪ್ರೊಕರ್ವ್ ಸ್ವಿಚ್ಚುಗಳಿಗೆ ಜೀವಿತಾವಧಿಯ ಖಾತರಿ ಮತ್ತು ಉಚಿತ ತಂತ್ರಾಂಶವನ್ನು ಕೊಟ್ಟಿತ್ತು. ಅದರಿಂದ ಕಂಪನಿ ಮುಳುಗಲಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದ ಬಳಗ 2021ರ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ ಹೊಂದಿರುವ ಕೆಲವು ಝೈಕ್ಸೆಲ್, ಡಿ-ಲಿಂಕ್, ನೆಟ್‌ಗೇರ್ ಸ್ವಿಚ್ಚುಗಳಿಗೂ ಹೊಸ ಜೀವ ಕೊಡುತ್ತಿದೆ. ತಯಾರಕರು ಕೈಬಿಟ್ಟ ಯಂತ್ರವನ್ನು ಸಂಬಳವಿಲ್ಲದ ಉತ್ಸಾಹಿಗಳು ನಡೆಸಬಲ್ಲರೆಂದ ಮೇಲೆ, ಬೆಂಬಲ ಮುಗಿಯಿತು ಎಂಬ ಮಾತಿಗೆ ತಾಂತ್ರಿಕ ಅನಿವಾರ್ಯತೆಯ ಗೌರವ ಸಲ್ಲುವುದಿಲ್ಲ. ಅದೊಂದು ವ್ಯಾಪಾರದ ಆಯ್ಕೆ.

ತಕ್ಕಡಿಯ ನ್ಯಾಯ

ಕ್ಯಾಲೆಂಡರ್ ಕೊಂದದ್ದನ್ನು ತಕ್ಕಡಿ ಹೂಳುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ಕಸವನ್ನು ಹುಟ್ಟಿಸಿತು. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಸಂಸ್ಕರಣೆಗೊಂಡದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದರ ದೊಡ್ಡ ಪಾಲು ಬಡವರ ಹಿತ್ತಲಿನಲ್ಲಿ ಸುಡುತ್ತದೆ, ಆಮ್ಲದಲ್ಲಿ ಕರಗುತ್ತದೆ, ಹಳ್ಳಕ್ಕೆ ಸೇರುತ್ತದೆ.

ನೆಟ್‌ವರ್ಕ್ ಸ್ವಿಚ್ಚಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಯುರೋಪಿನ ಒಕ್ಕೂಟ 2006ರ ಜುಲೈಯಿಂದ ವಿದ್ಯುನ್ಮಾನ ಸಾಮಾನುಗಳಲ್ಲಿ ಸೀಸವನ್ನು ನಿರ್ಬಂಧಿಸಿದಾಗ, ಸರ್ವರ್ ಮತ್ತು ಜಾಲದ ಸ್ವಿಚ್ಚುಗಳ ಬೆಸುಗೆಗೆ ವಿನಾಯಿತಿ ಕೊಟ್ಟಿತು. ಅಂದರೆ ಆ ಕಾಲದ ಕಚೇರಿ ಸ್ವಿಚ್ಚುಗಳಲ್ಲಿ ಸೀಸದ ಬೆಸುಗೆ ಇರುವ ಸಂಭವ ಹೆಚ್ಚು. ಕೆಲಸ ಮಾಡುತ್ತ ಕುಳಿತಿರುವವರೆಗೆ ಆ ಸೀಸ ಯಾರಿಗೂ ಕೇಡು ಮಾಡದು. ಒಡೆದು, ಸುಟ್ಟು, ಕರಗಿಸಿದ ದಿನ ಅದು ಗಾಳಿಗೆ, ನೀರಿಗೆ, ಮಕ್ಕಳ ರಕ್ತಕ್ಕೆ ಸೇರುತ್ತದೆ. ಬದುಕಿರುವ ಯಂತ್ರವನ್ನು ಅವಸರದಿಂದ ಒಡೆಯುವುದನ್ನು ಪರಿಸರಸೇವೆಯೆಂದು ಕರೆಯುವವರು ಇದಕ್ಕೆ ಉತ್ತರಿಸಬೇಕು.

ಭಾರತದ ಕಾನೂನು ಏನನ್ನುತ್ತದೆ? ಮೊದಲ ಇ-ಕಸ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. 2016ರಲ್ಲಿ ಬದಲಾದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಇವುಗಳ ಪ್ರಕಾರ ತಯಾರಕರು ಪ್ರತಿವರ್ಷ ನಿಗದಿತ ಪ್ರಮಾಣದ ಇ-ಕಸ ಸಂಸ್ಕರಣೆಗೊಂಡಿತೆಂದು ತೋರಿಸಬೇಕು. ಅದಕ್ಕಾಗಿ ನೋಂದಾಯಿತ ಸಂಸ್ಕರಣಾ ಘಟಕಗಳಿಂದ ಪ್ರಮಾಣಪತ್ರ ಕೊಳ್ಳಬೇಕು. ಆ ಪ್ರಮಾಣಪತ್ರದ ಆಧಾರ ಮರಳಿ ಪಡೆದ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಯಂತ್ರವನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ಬಿಡುವವರಿಗೂ ನಿಯಮಗಳಲ್ಲಿ ಒಂದು ಕಿರುಬಾಗಿಲಿದೆ. ಅವರ ಪ್ರಮಾಣಪತ್ರದಿಂದ ತಯಾರಕರ ಹೊಣೆ ಮುಂದೂಡಲ್ಪಡುತ್ತದೆ. ಆದರೆ ಗುರಿ ನಿಗದಿಯಾಗಿರುವುದು ಒಡೆಯುವುದಕ್ಕೆ. ಮರುಬಳಕೆ ಇಷ್ಟು ಆಗಲೇಬೇಕೆಂಬ ಗುರಿ ಯಾರ ಮೇಲೂ ಇಲ್ಲ. ತಕ್ಕಡಿಯ ಮೇಲೆ ಕೆಟ್ಟ ಸ್ವಿಚ್ಚಿಗೂ ಕೆಲಸ ಮಾಡುವ ಸ್ವಿಚ್ಚಿಗೂ ಒಂದೇ ತೂಕ. ಕಬ್ಬಿನ ನಾಡಿನವರಿಗೆ ಈ ನ್ಯಾಯದ ಅಸಂಬದ್ಧತೆ ಬೇಗ ತಿಳಿಯುತ್ತದೆ: ರಸ ತೆಗೆಯದೆಯೇ ಇಡೀ ಕಬ್ಬನ್ನು ಬಾಯ್ಲರಿಗೆ ನೂಕಿ, ಉರುವಲು ಸಿಕ್ಕಿತೆಂದು ಹಿಗ್ಗಿದಂತೆ.

ಸಂಸ್ಕರಣಾ ಘಟಕಗಳು ಬೇಡವೆಂದು ಯಾರೂ ಹೇಳಲಾರರು. 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಘಟಕ ಆರಂಭವಾದಾಗ ದೇಶದಲ್ಲಿಯೇ ಅದೊಂದು ಮುಂಚೂಣಿಯ ಹೆಜ್ಜೆಯಾಗಿತ್ತು. ಸತ್ತ ಯಂತ್ರಕ್ಕೆ ಗೌರವದ ಸಂಸ್ಕಾರ ಅಂತಹ ಕಡೆಯೇ ಆಗಬೇಕು. ವಿರೋಧವಿರುವುದು ಬದುಕಿರುವುದನ್ನು ಚಿತೆಗೇರಿಸುವುದಕ್ಕೆ ಮಾತ್ರ.

'ಹಳೆಯದು ಅಪಾಯ' ಎಂಬ ವಾದ

ತಯಾರಕರ ಬತ್ತಳಿಕೆಯ ಬಲವಾದ ಬಾಣ ಭದ್ರತೆ. ಅದನ್ನು ಹಗುರವಾಗಿ ಕಾಣಬಾರದು. 2018ರ ಮಾರ್ಚಿನಲ್ಲಿ ಸಿಸ್ಕೊ ಕಂಪನಿ ತನ್ನ ಸ್ವಿಚ್ಚುಗಳ 'ಸ್ಮಾರ್ಟ್ ಇನ್‌ಸ್ಟಾಲ್' ಎಂಬ ಸೌಲಭ್ಯದಲ್ಲಿದ್ದ ಗಂಭೀರ ದೋಷವನ್ನು ಪ್ರಕಟಿಸಿ ತಿದ್ದುಪಡಿ ನೀಡಿತು. ಮರುತಿಂಗಳೇ ಆ ಸೌಲಭ್ಯವನ್ನು ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಸ್ವಿಚ್ಚುಗಳ ಮೇಲೆ ದಾಳಿ ನಡೆದು ಇರಾನ್, ರಷ್ಯಾಗಳ ಅನೇಕ ಜಾಲಗಳು ಕುಸಿದವು. ಏಳು ವರ್ಷಗಳ ಬಳಿಕ, 2025ರ ಆಗಸ್ಟಿನಲ್ಲಿ, ಅದೇ ದೋಷವನ್ನು ಬೆಂಬಲ ಮುಗಿದ ಯಂತ್ರಗಳಲ್ಲಿ ಇನ್ನೂ ಬಳಸಿಕೊಳ್ಳಲಾಗುತ್ತಿದೆಯೆಂದು ಅಮೆರಿಕದ ಎಫ್.ಬಿ.ಐ. ಎಚ್ಚರಿಸಿತು.

ಈ ಘಟನೆಗಳಿಂದ ಕಲಿಯಬೇಕಾದ ಪಾಠ ಎರಡು. ಮೊದಲನೆಯದು ಬಳಸುವವರಿಗೆ. ಹಳೆಯ ಸ್ವಿಚ್ಚನ್ನು ಎಂದಿಗೂ ಹೊರಜಗತ್ತಿನ ಬಾಗಿಲಲ್ಲಿ ನಿಲ್ಲಿಸಬಾರದು. ಹೊರಗಿನ ಸಂಪರ್ಕಕ್ಕೆ ಮುಖಮಾಡಿ ನಿಲ್ಲಬೇಕಾದದ್ದು ತಿದ್ದುಪಡಿ ಸಿಗುತ್ತಿರುವ ರೂಟರ್. ಸ್ವಿಚ್ ಅದರ ಒಳಗೆ, ಅಡುಗೆಮನೆಯಷ್ಟು ಒಳಗೆ ಇರಬೇಕು. ಅದನ್ನು ನಿರ್ವಹಿಸುವ ವಿಳಾಸ ಪ್ರತ್ಯೇಕ ವಿ-ಲ್ಯಾನಿನಲ್ಲಿರಬೇಕು. ಟೆಲ್ನೆಟ್ ಮುಚ್ಚಿ ಎಸ್.ಎಸ್.ಎಚ್. ಮಾತ್ರ ಉಳಿಸಬೇಕು, ಸಿಸ್ಕೊ ಯಂತ್ರವಾದರೆ 'ನೋ ವಿಸ್ಟ್ಯಾಕ್' ಎಂಬ ಆದೇಶದಿಂದ ಸ್ಮಾರ್ಟ್ ಇನ್‌ಸ್ಟಾಲನ್ನು ನಿಲ್ಲಿಸಬೇಕು. ಇಷ್ಟು ಮಾಡಲು ಒಲ್ಲದವರು ಆ ಯಂತ್ರವನ್ನು ಮನೆಗೆ ತರಬಾರದು.

ಎರಡನೆಯ ಪಾಠ ತಯಾರಕರಿಗೆ. ಭದ್ರತೆಯ ಕಾಳಜಿ ನಿಜವಾದದ್ದಾದರೆ, ಬೆಂಬಲ ನಿಲ್ಲಿಸುವ ದಿನ ಕೊನೆಯ ತಂತ್ರಾಂಶವನ್ನೂ ಕೈಪಿಡಿಯನ್ನೂ ಎಲ್ಲರಿಗೂ ತೆರೆದಿಡಬೇಕು. ಆಗ ಲೋಕವೇ ತಿದ್ದಿಕೊಳ್ಳುತ್ತದೆ. ಬೀಗವನ್ನೂ ಹಾಕಿ, ಕೀಲಿಯನ್ನೂ ಬಚ್ಚಿಟ್ಟು, ಬೀಗ ತುಕ್ಕು ಹಿಡಿದಿದೆಯೆಂದು ಹೆದರಿಸಿ ಹೊಸ ಬಾಗಿಲು ಮಾರುವುದು ಕಾಳಜಿಯ ಲಕ್ಷಣವಲ್ಲ.

ಒಂದು ವ್ಯಾಟಿನ ಬೆಲೆ

ಇಷ್ಟು ಹೇಳಿದ ಮೇಲೆ ಇನ್ನೊಂದು ದಿಕ್ಕಿಗೂ ಮಾತಿನ ಮೊನೆ ತಿರುಗಬೇಕಾಗಿದೆ. ಅಗ್ಗಕ್ಕೆ ಸಿಕ್ಕಿತೆಂದು 48 ಕಿಂಡಿಗಳ ಪೆಟ್ಟಿಗೆಯನ್ನು ತಂದು, ಮೂರು ಕಿಂಡಿಗಳನ್ನು ಬಳಸಿ, ಉಳಿದ 45ನ್ನು ಗೆಳೆಯರಿಗೆ ತೋರಿಸಿ ಹೆಮ್ಮೆಪಡುವ ಉತ್ಸಾಹವೂ ಕೊಳ್ಳುಬಾಕತನದ ಇನ್ನೊಂದು ವೇಷ. ಹಳೆಯದು ಎಂಬ ಮಾತ್ರಕ್ಕೆ ಅದು ಮಿತವ್ಯಯವಾಗುವುದಿಲ್ಲ.

ಲೆಕ್ಕ ಸರಳವಾಗಿದೆ. ಹಗಲಿರುಳು ಉರಿಯುವ ಒಂದು ವ್ಯಾಟ್, ವರ್ಷಕ್ಕೆ 8.76 ಯೂನಿಟ್. ಎಂಟು ಕಿಂಡಿಗಳ, ಫ್ಯಾನ್ ಇಲ್ಲದ ಸಣ್ಣ ಸ್ವಿಚ್ ಸುಮಾರು 5 ವ್ಯಾಟ್ ಎಳೆದರೆ ವರ್ಷಕ್ಕೆ 44 ಯೂನಿಟ್. 24 ಕಿಂಡಿಗಳ ಕಚೇರಿ ಸ್ವಿಚ್ 25 ವ್ಯಾಟ್ ಎಳೆದರೆ 219 ಯೂನಿಟ್. ಫ್ಯಾನುಗಳು ಕೂಗುವ ಹಳೆಯ 48 ಕಿಂಡಿಗಳ ಪೆಟ್ಟಿಗೆ 100 ವ್ಯಾಟ್ ಎಳೆದರೆ 876 ಯೂನಿಟ್, ತಿಂಗಳಿಗೆ 73. ಗೃಹಜ್ಯೋತಿಯಲ್ಲಿ ವಿದ್ಯುತ್ ಪುಕ್ಕಟೆಯಲ್ಲವೇ ಎಂದು ಯಾರಾದರೂ ಹೇಳಬಹುದು. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲ್ಮಿತಿ. ಪ್ರತಿ ಮನೆಗೆ ಸಿಗುವುದು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಹೊಸದಾಗಿ ಬಂದ 73 ಯೂನಿಟ್ ಆ ಗೆರೆಯನ್ನು ದಾಟಿ ಬಿಲ್ಲಾಗಿ ಕೈಗೆ ಬರುತ್ತದೆ.

ಬಿಲ್ಲಿಗಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ತಿಮ್ಮಾಪುರದ ತಂತಿಗೆ ಹರಿಯುವ ವಿದ್ಯುತ್ತು ಎಲ್ಲಿಂದ ಬರುತ್ತದೆ? ರಾಜ್ಯದ ಜಾಲದಲ್ಲಿ ಶರಾವತಿಯ 1035 ಮೆಗಾವ್ಯಾಟ್ ಇದೆ, ಕೈಗಾದ 880 ಇದೆ, ಕೃಷ್ಣೆಯ ನೀರು ಕುಡಿಯುವ ಕೂಡಗಿಯ ಕಲ್ಲಿದ್ದಲ ಸ್ಥಾವರವಿದೆ, ಆಲಮಟ್ಟಿಯ 290 ಮೆಗಾವ್ಯಾಟ್ ಇದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮನೆ ಕಳೆದುಕೊಂಡ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ಜನ ನವನಗರಕ್ಕೆ ಹೋದರು. ಮುಳುಗಡೆ ಎಂಬ ಪದಕ್ಕೆ ಗುಡ್ಡದಲ್ಲಿಯೂ ಬಯಲಿನಲ್ಲಿಯೂ ಒಂದೇ ಅರ್ಥ. ಶರಾವತಿ ಕಣಿವೆಯ ಮೇಲೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಪ್ರಸ್ತಾಪ ತೂಗುತ್ತಿರುವಾಗ, ಬಳಸದ 45 ಕಿಂಡಿಗಳಿಗೆ ಫ್ಯಾನ್ ತಿರುಗಿಸುವುದು ಯಾರದೋ ತೋಟದ ಲೆಕ್ಕದಲ್ಲಿ ನಡೆಯುವ ಶೋಕಿ.

ಆದ್ದರಿಂದ ನಿಯಮ ಸ್ಪಷ್ಟವಾಗಿರಬೇಕು. ಕೆಲಸ ಮಾಡುವ ಯಂತ್ರವನ್ನು ಒಡೆಯಬಾರದು. ಕೆಲಸವಿಲ್ಲದ ಯಂತ್ರವನ್ನು ಉರಿಸಬಾರದು. ಹಳೆಯ ಸ್ವಿಚ್ಚನ್ನು ಕೊಳ್ಳುವವರು ಮೊದಲು ಕೇಳಬೇಕಾದದ್ದು ಕಿಂಡಿ ಎಷ್ಟು ಎಂದಲ್ಲ, ವ್ಯಾಟ್ ಎಷ್ಟು ಎಂದು.

ತರುವವರು ತಿಳಿದಿರಬೇಕಾದದ್ದು

ವಿದ್ಯಾರ್ಥಿಗಳ ಉಪಯೋಗಕ್ಕೆ ಕೆಲವು ವಿಷಯಗಳನ್ನು ಬಿಡಿಸಿ ಹೇಳುವುದು ಅವಶ್ಯ.

ಮನೆಗೆ 8 ಅಥವಾ 24 ಕಿಂಡಿಗಳ, ಸಾಧ್ಯವಾದರೆ ಫ್ಯಾನ್ ಇಲ್ಲದ ಗಿಗಾಬಿಟ್ ಸ್ವಿಚ್ ಸಾಕು. ತಂತಿಯಲ್ಲಿ ವಿದ್ಯುತ್ ಕಳುಹಿಸುವ ಮಾದರಿ ಕ್ಯಾಮೆರಾ ಮುಂತಾದವು ಇದ್ದರೆ ಮಾತ್ರ ಬೇಕು. ಅಂಗಡಿಯಲ್ಲಿ ವಿದ್ಯುತ್ ಕೊಟ್ಟು, ಪ್ರತಿ ಕಿಂಡಿಗೂ ತಂತಿ ಸಿಕ್ಕಿಸಿ ದೀಪ ಹೊತ್ತುವುದನ್ನು ನೋಡಬೇಕು. ಬಿಲ್ ಇಲ್ಲದ ಮಾಲು ಕಳವಿನದೂ ಆಗಿರಬಹುದು. ನಕಲಿಗಳೂ ಇವೆ: 2020ರಲ್ಲಿ ಎಫ್-ಸೆಕ್ಯೂರ್ ಸಂಸ್ಥೆ ಸಿಸ್ಕೊ ಹೆಸರಿನ ಖೋಟಾ ಸ್ವಿಚ್ಚುಗಳನ್ನು ಬಿಚ್ಚಿ ಪರೀಕ್ಷಿಸಿ ವಿವರ ಪ್ರಕಟಿಸಿತ್ತು.

ಯಂತ್ರದೊಡನೆ ಮೊದಲ ಮಾತು ಕನ್ಸೋಲ್ ಕಿಂಡಿಯ ಮೂಲಕ. ಯು.ಎಸ್.ಬಿ.ಯಿಂದ ಸೀರಿಯಲ್‌ಗೆ ಹೋಗುವ ಒಂದು ಕೇಬಲ್ ಮತ್ತು ಪುಟಿಯಂತಹ ಉಚಿತ ತಂತ್ರಾಂಶ ಇದ್ದರಾಯಿತು. ಹಲವು ಯಂತ್ರಗಳ ವೇಗ 9600. ಒಳಗೆ ಹಿಂದಿನ ಕಂಪನಿಯ ವಿಳಾಸಗಳು, ಗುಪ್ತಪದಗಳು ಉಳಿದಿರುವುದುಂಟು. ಅವುಗಳನ್ನು ಓದುತ್ತ ಕೂರುವುದು ಮತ್ತೊಬ್ಬರ ಕಾಗದ ಒಡೆದು ಓದಿದಂತೆ. ಹಳೆಯ ಸಂರಚನೆಯನ್ನೂ ವಿ-ಲ್ಯಾನ್ ಕಡತವನ್ನೂ ಪೂರ್ತಿ ಅಳಿಸಿ ಯಂತ್ರವನ್ನು ಹೊಸದಾಗಿ ಆರಂಭಿಸುವುದು ಮರ್ಯಾದೆ.

ಪೆಟ್ಟಿಗೆ ಲೋಹದ್ದಾದುದರಿಂದ ಮೂರು ಪಿನ್ನಿನ ಪ್ಲಗ್ಗು ಮತ್ತು ನಿಜವಾದ ಅರ್ಥಿಂಗ್ ಕಡ್ಡಾಯ. ವೋಲ್ಟೇಜ್ ಏರಿಳಿಯುವ ಊರಿನಲ್ಲಿ ಸಣ್ಣ ಯು.ಪಿ.ಎಸ್. ಇರಬೇಕು. ಕಬ್ಬು ಅರೆಯುವ ಹಂಗಾಮಿನ ಧೂಳು, ಮಲೆನಾಡಿನ ಮಳೆಗಾಲದ ತೇವ, ಎರಡೂ ಯಂತ್ರದ ಶತ್ರುಗಳು. ವರ್ಷಕ್ಕೊಮ್ಮೆ ಬಿಚ್ಚಿ ಕುಂಚದಿಂದ ಒರೆಸಬೇಕು. ಮನೆಯಿಂದ ಕೊಟ್ಟಿಗೆಗೆ ಅಥವಾ ಪಂಪ್‌ಮನೆಗೆ ತಾಮ್ರದ ತಂತಿ ಎಳೆಯಲೇಬಾರದು. ಸಿಡಿಲು ಬಡಿದರೆ ಎರಡೂ ಕಡೆಯ ಯಂತ್ರಗಳು ಒಟ್ಟಿಗೆ ಸುಡುತ್ತವೆ. ಕಚೇರಿ ಸ್ವಿಚ್ಚುಗಳ ತುದಿಯಲ್ಲಿರುವ ಎಸ್.ಎಫ್.ಪಿ. ಕಿಂಡಿಗೆ ಮಾಡ್ಯೂಲ್ ಸಿಕ್ಕಿಸಿ ಗಾಜಿನ ಎಳೆ ಎಳೆದರೆ ಬೆಳಕು ಹೋಗುತ್ತದೆ, ಸಿಡಿಲು ಹೋಗುವುದಿಲ್ಲ. ಸಿಡಿಲಿನ ನಾಡಾದ ಗುಡ್ಡಗಾಡಿಗೆ ಈ ಒಂದು ಗುಣಕ್ಕಾಗಿಯೇ ಹಳೆಯ ಕಚೇರಿ ಸ್ವಿಚ್ ಅಂಗಡಿಯ ಅಗ್ಗದ ಹೊಸ ಸ್ವಿಚ್ಚಿಗಿಂತ ಮೇಲು.

ಕಲಿಯುವುದಕ್ಕೆಂದು ತಂದ ದೊಡ್ಡ ಯಂತ್ರವನ್ನು ಕಲಿಯುವ ಹೊತ್ತಿನಲ್ಲಿ ಮಾತ್ರ ಹಚ್ಚಬೇಕು. ದಿನಕ್ಕೆ ಒಂದು ಗಂಟೆ ಉರಿದರೆ 100 ವ್ಯಾಟಿನ ಪೆಟ್ಟಿಗೆಯೂ ತಿಂಗಳಿಗೆ ಮೂರೇ ಯೂನಿಟ್.

ಮನೆಗಿಂತ ಊರಿಗೆ

2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು, ಮಳೆಯಲ್ಲಿ ಛತ್ರಿ ಹಿಡಿದು ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಸ್ವಿಚ್ ಗುಡ್ಡಕ್ಕೆ ಸಿಗ್ನಲ್ ತರಲಾರದು. ಆದರೆ ಊರಿಗೆ ಬಂದಿರುವ ಒಂದು ಎಳೆಯನ್ನು ಶಾಲೆಯ ಇಪ್ಪತ್ತು ಯಂತ್ರಗಳಿಗೆ ಹಂಚಬಲ್ಲದು. ಎಳೆ ಕಡಿದ ದಿನವೂ ಶಾಲೆಯೊಳಗಿನ ಗಣಕದಲ್ಲಿ ಇರಿಸಿದ ಪುಸ್ತಕ, ಪಾಠಗಳನ್ನು ಮಕ್ಕಳಿಗೆ ತಲುಪಿಸಬಲ್ಲದು. 24 ಕಿಂಡಿಗಳಿಗೆ ಸರಿಯಾದ ಕೆಲಸ ಸಿಗುವುದು ಅಲ್ಲಿ: ಶಾಲೆಯಲ್ಲಿ, ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಹಾಲಿನ ಸಂಘದಲ್ಲಿ. ಮನೆಯಲ್ಲಿ ಕಲಿತ ವಿದ್ಯೆ ಊರಿನ ಕಪಾಟಿಗೆ ಬಂದಾಗ ಮಾತ್ರ ಬೆಂಗಳೂರಿನಿಂದ ಹೊತ್ತು ತಂದ ಭಾರ ಸಾರ್ಥಕ.

ಇದಕ್ಕಾಗಿ ಒತ್ತಾಯಿಸಬೇಕಾದ ಸಂಗತಿಗಳು ಇವು.

ಒಂದು, ಸರ್ಕಾರಿ ಕಚೇರಿ ಮತ್ತು ಕಾಲೇಜುಗಳು ಕೆಲಸ ಮಾಡುವ ಜಾಲ ಉಪಕರಣಗಳನ್ನು ಗುಜರಿ ಹರಾಜಿಗೆ ಹಾಕುವ ಮೊದಲು, ಅದರೊಳಗಿನ ಮಾಹಿತಿಯನ್ನು ಅಳಿಸಿ, ಶಾಲೆ ಮತ್ತು ಗ್ರಂಥಾಲಯಗಳಿಗೆ ಕೊಡಬೇಕು.

ಎರಡು, ಇ-ಕಸ ನಿಯಮಗಳಲ್ಲಿ ಒಡೆಯುವುದಕ್ಕೆ ಇರುವಂತೆ ದುರಸ್ತಿ ಮತ್ತು ಮರುಬಳಕೆಗೂ ಪ್ರತ್ಯೇಕ ವಾರ್ಷಿಕ ಗುರಿ ನಿಗದಿಯಾಗಬೇಕು.

ಮೂರು, ಬೆಂಬಲ ನಿಲ್ಲುವ ದಿನ ಕೊನೆಯ ತಂತ್ರಾಂಶ ಸಾರ್ವಜನಿಕವಾಗಬೇಕು. ಪರವಾನಗಿ ಯಂತ್ರದ ಜೊತೆಗೇ ಸಾಗಬೇಕು.

ನಾಲ್ಕು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ದುರಸ್ತಿ ಹಕ್ಕಿನ ಜಾಲತಾಣ ಕೃಷಿ ಯಂತ್ರ, ಮೊಬೈಲ್ ಮತ್ತು ವಿದ್ಯುನ್ಮಾನ ಸಾಧನ, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳಿಂದ ಆರಂಭವಾಯಿತು. ಜಾಲ ಉಪಕರಣಗಳಿಗೂ ಅಲ್ಲಿ ಹೆಸರಿಟ್ಟು ಜಾಗ ಕೊಡಬೇಕು.

ಐದು, ಹಳೆಯ ಸಾಮಾನು ಮಾರುವವರು ಪೆಟ್ಟಿಗೆಯ ಮೇಲೆ ತಯಾರಾದ ವರ್ಷವನ್ನೂ ಎಳೆಯುವ ವ್ಯಾಟನ್ನೂ ಬರೆದು ಮಾರಬೇಕು.

ಊರಿನವರು ಮಾಡಬೇಕಾದದ್ದೂ ಇದೆ. ನಿಜವಾಗಿ ಸತ್ತ ಯಂತ್ರವನ್ನು ತಂತಿ ಸುಡುವ ಗುಜರಿಗೆ ಹಾಕದೆ, ಹತ್ತು ಮನೆಗಳದ್ದನ್ನು ಒಂದು ಕಡೆ ಕೂಡಿಸಿ ನೋಂದಾಯಿತ ಘಟಕಕ್ಕೆ ಕಳುಹಿಸಬೇಕು. ಹಳ್ಳದ ನೀರು ಕುಡಿಯುವವರು ಅದೇ ಹಳ್ಳದ ದಂಡೆಯಲ್ಲಿ ಸೀಸ ಕರಗಿಸಲು ಬಿಡಬಾರದು.

ಮುತ್ಯಾ ಕೇಳಿದ ಪ್ರಶ್ನೆಗೆ ಮೊಮ್ಮಗ ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾಗಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಧೂಳು ಒರೆಸಿ, ವ್ಯಾಟ್ ಅಳೆದು, ಬೇಕಾದಷ್ಟೇ ಬಳಸಿ, ಓದು ಮುಗಿದ ಮೇಲೆ ಊರಿನ ಶಾಲೆಗೆ ಒಪ್ಪಿಸಿದರೆ ಅದು ಗುಜರಿಯಲ್ಲವೆಂದು ಮುತ್ಯಾನಿಗೇ ತಿಳಿಯುತ್ತದೆ. ಮಾಳಿಗೆಯಲ್ಲಿ ಕೂಗುತ್ತ, ಯಾರಿಗೂ ಬೇಡದ ಬೆಳಕು ಮಿಣುಕಿಸುತ್ತ ಕುಳಿತರೆ ಮುತ್ಯಾನ ಮಾತೇ ಸರಿ.